ಊಟದ ಬಿಲ್ಲಿನ ತೆರಿಗೆಯಲ್ಲಿ ನಮ್ಮ ಪಂಚಾಯಿತಿಗೆ ಪಾಲೆಷ್ಟು?

ಪ್ರಶ್ನೆ: ನಾನು ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಶನಿವಾರ ಬಂತೆಂದರೆ ನಮ್ಮ ರಸ್ತೆಯಲ್ಲಿ ಮಾಂದಲಪಟ್ಟಿ, ಅಬ್ಬಿ ಜಲಪಾತ ನೋಡಲು ಹೊರಟ ಗಾಡಿಗಳ ಸಾಲು. ಹೋಟೆಲ್‌ಗಳಲ್ಲಿ ಕೂರಲು ಜಾಗ ಇರುವುದಿಲ್ಲ. ಸೋಮವಾರ ಕಸ ಎತ್ತುವುದು ಮಾತ್ರ ನಾವು. ಆ ಹೋಟೆಲ್‌ಗಳ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಹಾಕುತ್ತಾರಲ್ಲ, ಅದರಲ್ಲಿ ನಮ್ಮ ಪಂಚಾಯಿತಿಗೆ ಎಷ್ಟು ಬರುತ್ತದೆ? ಅಮೆರಿಕದಲ್ಲಿ ಬಾಸ್ಟನ್ ಹತ್ತಿರ ಇರುವ ನನ್ನ ತಮ್ಮನ ಮಗಳು ಅಲ್ಲಿ ಊಟದ ತೆರಿಗೆಯಲ್ಲಿ ಊರಿಗೂ ಪಾಲಿದೆ ಎಂದಳು. ನಮ್ಮಲ್ಲಿ ಯಾಕಿಲ್ಲ? ಕೇಳಬಹುದಾ? ಕೇಳುವುದಾದರೆ ಯಾರನ್ನು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಬಿಲ್ಲಿನಿಂದ ನಿಮ್ಮ ಪಂಚಾಯಿತಿಗೆ ನೇರವಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಸುತ್ತಿ ಬಳಸಿ ಸ್ವಲ್ಪ ಬರುತ್ತದೆ. ಆದರೆ ಅದು ನಿಮ್ಮೂರಲ್ಲಿ ಎಷ್ಟು ಜನ ಊಟ ಮಾಡಿದರು ಎಂದು ನೋಡಿ ಬರುವುದಲ್ಲ, ಎಷ್ಟು ಜನ ವಾಸವಿದ್ದಾರೆ ಎಂದು ನೋಡಿ ಬರುವುದು. ನಿಮ್ಮ ಕಷ್ಟದ ಮೂಲ ಇಲ್ಲೇ ಇದೆ ಎಂದು ನನಗನಿಸುತ್ತದೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಕೊಡಗಿನ ಹೋಟೆಲ್‌ಗಳ ತೆರಿಗೆ ಲೆಕ್ಕ ನೋಡುತ್ತಿದ್ದೇನೆ. ಈ ಪ್ರಶ್ನೆಯನ್ನು ಪಂಚಾಯಿತಿ ಸದಸ್ಯರೊಬ್ಬರು ಕೇಳಿದ್ದು ಇದೇ ಮೊದಲು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಬಿಲ್ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಬಂದ ನಾಲ್ಕು ಜನ ಮಡಿಕೇರಿಯಲ್ಲಿ ಕಡಂಬಿಟ್ಟು, ಪಂದಿ ಕರಿ ತಿಂದರು. ಊಟಕ್ಕೆ 1,000 ರೂಪಾಯಿ. ತೆರಿಗೆ ಶೇ 5, ಅಂದರೆ 50 ರೂಪಾಯಿ. ಬಿಲ್ಲಿನಲ್ಲಿ ಅದು ಎರಡು ಸಾಲಾಗಿ ಕಾಣುತ್ತದೆ. ಕೇಂದ್ರದ ಸಿಜಿಎಸ್‌ಟಿ 25, ರಾಜ್ಯದ ಎಸ್‌ಜಿಎಸ್‌ಟಿ 25. ಕೆಲವು ಕಡೆ ಇದರ ಜೊತೆ ಸರ್ವಿಸ್ ಚಾರ್ಜ್ ಎಂದೂ ಇರುತ್ತದೆ. ಅದು ತೆರಿಗೆಯಲ್ಲ, ಹೋಟೆಲಿಗೇ ಹೋಗುವ ದುಡ್ಡು. ಅದನ್ನು ಕೊಡಲೇಬೇಕು ಎಂದೇನಿಲ್ಲ. ದೊಡ್ಡ ರೆಸಾರ್ಟ್‌ಗಳಲ್ಲಿ, ದಿನಕ್ಕೆ 7,500 ರೂಪಾಯಿಗಿಂತ ಮೇಲಿನ ಬಾಡಿಗೆಯ ಕೋಣೆಗಳಿರುವ ಕಡೆ, ಊಟಕ್ಕೂ ಶೇ 18 ಹಾಕುತ್ತಾರೆ. ನಮ್ಮ ಸಾಮಾನ್ಯ ಹೋಟೆಲ್‌ಗಳಲ್ಲಿ ಶೇ 5 ಮಾತ್ರ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲಿಗೆ ಶೇ 12, ಎಸಿ ಇರುವುದಕ್ಕೆ ಶೇ 18 ಇತ್ತು. ಅದೇ ವರ್ಷ ನವೆಂಬರ್ 15ರಿಂದ ಶೇ 5ಕ್ಕೆ ಇಳಿಸಿದರು. ಬದಲಿಗೆ ಹೋಟೆಲಿನವರು ಗ್ಯಾಸು, ಪಾತ್ರೆ, ಕುರ್ಚಿ ಮೇಲೆ ಕೊಟ್ಟ ತೆರಿಗೆಯನ್ನು ವಾಪಸ್ ಪಡೆಯುವ ಅವಕಾಶ ಹೋಯಿತು.

ಈಗ ಆ 50 ರೂಪಾಯಿ ಎಲ್ಲಿಗೆ ಹೋಗುತ್ತದೆ ನೋಡಿ. ಕೇಂದ್ರದ 25ರಲ್ಲಿ ಶೇ 41 ಎಲ್ಲ ರಾಜ್ಯಗಳಿಗೂ ಹಂಚಿಕೆ. ಅದು 10 ರೂಪಾಯಿ 25 ಪೈಸೆ. ಈ ಹಂಚಿಕೆ ಹೇಗೆ ಎಂದು ಹೇಳುವುದು ಕೇಂದ್ರದ ಹಣಕಾಸು ಆಯೋಗ. 15ನೇ ಹಣಕಾಸು ಆಯೋಗದ 2021-26ರ ಲೆಕ್ಕದಲ್ಲಿ ಆ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 3.647 ಇತ್ತು. ಹಾಗಾಗಿ ಮಡಿಕೇರಿಯ ಊಟದಿಂದ ದೆಹಲಿಗೆ ಹೋದ 25 ರೂಪಾಯಿಯಲ್ಲಿ ಈ ದಾರಿಯಿಂದ ನಮ್ಮ ರಾಜ್ಯಕ್ಕೆ ಹಿಂತಿರುಗಿದ್ದು ಸುಮಾರು 37 ಪೈಸೆ. ಬೇರೆ ರಾಜ್ಯಗಳ ಊಟದಿಂದಲೂ ನಮಗೆ ಪಾಲು ಬರುತ್ತದೆ, ಅದನ್ನು ಮರೆಯಬಾರದು. ಆದರೆ ನೀವು ಕೇಳಿದ್ದು ಈ ಊಟದ ಲೆಕ್ಕ, ಹಾಗಾಗಿ ಅದನ್ನೇ ಹೇಳಿದೆ.

ರಾಜ್ಯದ 25 ರೂಪಾಯಿ ಬೆಂಗಳೂರಿನ ಖಜಾನೆಗೆ ಹೋಗಿ ಬೇರೆಲ್ಲ ಆದಾಯದ ಜೊತೆ ಸೇರಿಬಿಡುತ್ತದೆ. ಅಲ್ಲಿಂದ ಪಂಚಾಯಿತಿ, ನಗರಸಭೆಗಳಿಗೆ ಒಟ್ಟು ಎಷ್ಟು ಕೊಡಬೇಕು ಎಂದು ಹೇಳುವುದು ರಾಜ್ಯ ಹಣಕಾಸು ಆಯೋಗ. ಸಂವಿಧಾನದ 243ಐ ವಿಧಿಯ ಪ್ರಕಾರ ಐದು ವರ್ಷಕ್ಕೊಮ್ಮೆ ಈ ಆಯೋಗ ಆಗಬೇಕು. ಅದು ಹೇಳಿದ್ದನ್ನೆಲ್ಲ ಸರ್ಕಾರ ಒಪ್ಪಲೇಬೇಕು ಎಂದಿಲ್ಲ.

ಕೇಂದ್ರದಿಂದ ಪಂಚಾಯಿತಿಗೆಂದೇ ಬರುವ ಅನುದಾನವೂ ಇದೆ. ನೀವು 15ನೇ ಹಣಕಾಸು ಎನ್ನುತ್ತೀರಲ್ಲ, ಅದೇ. 2021ರಿಂದ 26ರವರೆಗೆ ದೇಶದ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಎಂದು ಆಯೋಗ ಹೇಳಿತ್ತು. ಅದರಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಅದನ್ನು ರಾಜ್ಯಗಳಿಗೆ ಹಂಚಿದ್ದು ಹೇಗೆ ಗೊತ್ತಾ? ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ. ಬಂದು ಹೋಗುವವರ ಲೆಕ್ಕ ಎಲ್ಲೂ ಇಲ್ಲ.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಇಡೀ ರಾಜ್ಯದ್ದು 6 ಕೋಟಿ 11 ಲಕ್ಷ. ನೂರಕ್ಕೆ ಒಬ್ಬರೂ ನಾವಿಲ್ಲ. ತಲೆ ಎಣಿಸಿ ಹಂಚುವ ಯಾವ ಲೆಕ್ಕದಲ್ಲೂ ಕೊಡಗಿಗೆ ಸಿಗುವುದು ಇಷ್ಟೇ. ಆದರೆ ನಿಮ್ಮ ಕಸದ ಗಾಡಿ ತಲೆ ಎಣಿಸುವುದಿಲ್ಲ ಅಲ್ವಾ? ಯಾರು ಬಿಸಾಡಿದ ಬಾಟಲಿಯಾದರೂ ಅದು ಎತ್ತಲೇಬೇಕು.

ಇನ್ನು ನಿಮ್ಮ ತಮ್ಮನ ಮಗಳು ಹೇಳಿದ್ದು. ಅವಳು ಹೇಳಿದ್ದು ಸರಿಯೇ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಊಟದ ಮೇಲೆ ರಾಜ್ಯದ ತೆರಿಗೆ ಶೇ 6.25. ಅದರ ಮೇಲೆ ಶೇ 0.75 ಊರಿನ ತೆರಿಗೆ ಹಾಕಿಕೊಳ್ಳಲು 2009ರಿಂದ ಅವಕಾಶ ಇದೆ. ಹಾಕಬೇಕೋ ಬೇಡವೋ ಎನ್ನುವುದನ್ನು ಆ ಊರೇ ತೀರ್ಮಾನ ಮಾಡಬೇಕು. ವಸೂಲಿ ಮಾಡುವುದು ರಾಜ್ಯ, ಅದನ್ನು ಊರಿಗೆ ಕಳಿಸುವುದೂ ರಾಜ್ಯವೇ. ಪಕ್ಕದ ರೋಡ್ ಐಲೆಂಡ್‌ನಲ್ಲಿ ಇಂಥ ಆಯ್ಕೆ ಇಲ್ಲ. ಎಲ್ಲ ಕಡೆಯೂ ಶೇ 7ರ ಜೊತೆ ಇನ್ನೊಂದು ಶೇ 1 ಸೇರಿಸುತ್ತಾರೆ. ಆ ಶೇ 1 ಯಾವ ಊರಿನಲ್ಲಿ ಊಟ ಆಯಿತೋ ಆ ಊರಿಗೆ.

ಮೂರನೆಯದು ನ್ಯೂ ಹ್ಯಾಂಪ್‌ಶೈರ್. ನಮಗೆ ಇದರಿಂದ ಕಲಿಯಲು ಜಾಸ್ತಿ ಇದೆ. ಅದೂ ಬೆಟ್ಟ, ಕಾಡು, ಪ್ರವಾಸಿಗರ ರಾಜ್ಯ. ಅಲ್ಲಿ ಊಟಕ್ಕೂ ಕೋಣೆ ಬಾಡಿಗೆಗೂ ಸೇರಿ ಒಂದೇ ತೆರಿಗೆ, ಈಗ ಶೇ 8.5. ಅದರಲ್ಲಿ ಶೇ 40 ಊರುಗಳಿಗೆ ಹೋಗಬೇಕು ಎಂದು ಹಿಂದೆ ಕಾನೂನಿನಲ್ಲೇ ಬರೆದಿತ್ತು. ಆದರೂ ವರ್ಷಗಟ್ಟಲೆ ರಾಜ್ಯ ಅಷ್ಟು ಕೊಡಲಿಲ್ಲ. ಬಜೆಟ್ ಬಿಗಿಯಾದಾಗಲೆಲ್ಲ ಊರಿನ ಪಾಲನ್ನು ತಡೆಹಿಡಿಯುತ್ತಿದ್ದರು. ಕೊನೆಗೆ 2021ರಲ್ಲಿ ಶೇ 30 ಎಂದು ನಿಗದಿ ಮಾಡಿ ಬೇರೆ ನಿಧಿಯನ್ನೇ ಇಟ್ಟರು. ಆ ದುಡ್ಡನ್ನು ಊರುಗಳಿಗೆ ಹಂಚುವುದು ಮತ್ತೆ ಜನಸಂಖ್ಯೆ ನೋಡಿಯೇ. ಅಂದರೆ ಬೆಟ್ಟದ ಬುಡದಲ್ಲಿ ವರ್ಷವಿಡೀ ಪ್ರವಾಸಿಗರನ್ನು ಸುಧಾರಿಸುವ ಸಣ್ಣ ಊರಿಗೆ ಅದರ ಸ್ವಂತ ಜನರ ಲೆಕ್ಕದ ಪಾಲು ಮಾತ್ರ. ಯಾರೂ ಪ್ರವಾಸಕ್ಕೆ ಹೋಗದ ದೊಡ್ಡ ಊರಿಗೆ ಜಾಸ್ತಿ ಪಾಲು. ನಾಳೆ ನಮ್ಮ ಸರ್ಕಾರ ‘ಆಯ್ತು, ಊಟದ ತೆರಿಗೆಯಲ್ಲಿ ಪಂಚಾಯಿತಿಗಳಿಗೂ ಪಾಲು ಕೊಡುತ್ತೇವೆ’ ಎಂದು ಹೇಳಿ ಜನಸಂಖ್ಯೆ ನೋಡಿ ಹಂಚಿದರೆ ಕೊಡಗಿಗೆ ಲಾಭ ಏನೂ ಇಲ್ಲ. ಪಾಲು ಇದೆಯಾ ಎಂದು ಕೇಳಿದಷ್ಟೇ ಗಟ್ಟಿಯಾಗಿ, ಯಾವ ಲೆಕ್ಕದಲ್ಲಿ ಪಾಲು ಎಂದೂ ಕೇಳಬೇಕು.

ಹಾಗಾದರೆ ರೋಡ್ ಐಲೆಂಡ್ ತರಹ, ಎಲ್ಲಿ ತಿಂದರೋ ಅಲ್ಲಿಗೆ ಎಂದು ಮಾಡಬಾರದಾ? ಇಲ್ಲಿ ನಿಜವಾದ ತೊಡಕು ಬರುತ್ತದೆ.

ಜಿಎಸ್‌ಟಿ ಕಾನೂನು ಊಟದ ವಿಷಯದಲ್ಲಿ ಜಾಗವನ್ನು ನೋಡುತ್ತದೆ. ಹೋಟೆಲ್ ಸೇವೆ ಎಲ್ಲಿ ನಡೆಯಿತೋ ಅದೇ ಜಾಗ ಎನ್ನುತ್ತದೆ. ಕಣ್ಣೂರಿನವರು ವಿರಾಜಪೇಟೆಯಲ್ಲಿ ಊಟ ಮಾಡಿದರೆ ಎಸ್‌ಜಿಎಸ್‌ಟಿ ಕರ್ನಾಟಕಕ್ಕೆ. ನಾವು ಕುಟ್ಟ ದಾಟಿ ತೋಲ್ಪೆಟ್ಟಿಯಲ್ಲಿ ಟೀ ಕುಡಿದರೆ ಕೇರಳಕ್ಕೆ. ಆದರೆ ಆ ಜಾಗ ನೋಡುವ ಕಣ್ಣು ರಾಜ್ಯದ ಗಡಿಗೆ ನಿಂತುಬಿಡುತ್ತದೆ. ಕುಶಾಲನಗರದಲ್ಲಿ ತಿಂದರೂ, ಸೇತುವೆ ದಾಟಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ತಿಂದರೂ ಅದಕ್ಕೆ ಒಂದೇ.

ಲೆಕ್ಕ ಸಲ್ಲಿಸುವ ಕ್ರಮವೂ ಹಾಗೇ ಇದೆ. ಒಂದು ಸಂಸ್ಥೆಗೆ ಒಂದು ರಾಜ್ಯದಲ್ಲಿ ಸಾಮಾನ್ಯವಾಗಿ ಒಂದೇ ಜಿಎಸ್‌ಟಿ ನಂಬರ್. ಬೆಂಗಳೂರಿನಲ್ಲಿ ಹತ್ತು, ಮಡಿಕೇರಿಯಲ್ಲಿ ಒಂದು ಹೋಟೆಲ್ ಇರುವವರು ತಿಂಗಳಿಗೆ ಒಂದೇ ರಿಟರ್ನ್ ಹಾಕುತ್ತಾರೆ. ಒಟ್ಟು ವ್ಯಾಪಾರ ಇಷ್ಟು, ತೆರಿಗೆ ಇಷ್ಟು. ಮಡಿಕೇರಿಯದು ಎಷ್ಟು ಎಂದು ಆ ಫಾರ್ಮಿನಲ್ಲಿ ಕೇಳುವುದೇ ಇಲ್ಲ. ನಾನು ತುಂಬುವ ರಿಟರ್ನ್‌ಗಳಲ್ಲಿ ಪಂಚಾಯಿತಿ ಹೆಸರು ಬರೆಯುವ ಕಾಲಮ್ಮೇ ಇಲ್ಲ. ಒಂದೇ ಊರಿನಲ್ಲಿರುವ ಹೋಟೆಲ್ ಆದರೆ ನೋಂದಣಿ ವಿಳಾಸ ನೋಡಿ ತಿಳಿದುಕೊಳ್ಳಬಹುದು. ಅಲ್ಲೂ ಸಿಗುವುದು ಪಿನ್‌ಕೋಡ್. ಒಂದು ಪಿನ್‌ಕೋಡ್ ಒಳಗೆ ಎರಡು ಮೂರು ಪಂಚಾಯಿತಿ ಇರಬಹುದು. ಸ್ವಿಗ್ಗಿ, ಝೊಮ್ಯಾಟೊದಲ್ಲಿ ತರಿಸಿದರೆ 2022ರ ಜನವರಿ 1ರಿಂದ ಆ ಊಟದ ತೆರಿಗೆ ಕಟ್ಟುವುದು ಹೋಟೆಲ್ ಅಲ್ಲ, ಆ ಕಂಪನಿಯೇ. ಅದು ಕಂಪನಿಯ ಲೆಕ್ಕದಲ್ಲಿ ಸೇರುತ್ತದೆ.

ಅಂದರೆ ನಿಮ್ಮೂರಿನ ತಟ್ಟೆಯಿಂದ ಹೊರಟ ತೆರಿಗೆ ನಿಮ್ಮೂರಿನ ಹೆಸರು ಹೊತ್ತುಕೊಂಡು ಹೋಗುವುದಿಲ್ಲ. ಹೆಸರೇ ಇಲ್ಲದ ದುಡ್ಡಿನಲ್ಲಿ ಪಾಲು ಕೇಳುವುದು ಕಷ್ಟ.

ಇನ್ನೊಂದು ವಿಷಯ. ನಮ್ಮ ಜಿಲ್ಲೆಯಲ್ಲಿ ಪ್ರವಾಸಿಗರು ತಿನ್ನುವ ಎಲ್ಲ ಊಟಕ್ಕೂ ತೆರಿಗೆ ಇರುವುದಿಲ್ಲ. ವರ್ಷಕ್ಕೆ 20 ಲಕ್ಷದ ಒಳಗೆ ವ್ಯಾಪಾರ ಇದ್ದರೆ ನೋಂದಣಿಯೇ ಬೇಡ. ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ. ರಸ್ತೆ ಬದಿಯ ಮೆಸ್ಸು, ಟೀ ಅಂಗಡಿ, ಸಣ್ಣ ಹೋಂಸ್ಟೇ ಎಷ್ಟೋ ಇದರೊಳಗೇ ಬರುತ್ತವೆ. ಒಂದೂವರೆ ಕೋಟಿಯೊಳಗೆ ವ್ಯಾಪಾರ ಇರುವ ಹೋಟೆಲ್‌ನವರು ಕಾಂಪೊಸಿಷನ್ ಪದ್ಧತಿಗೆ ಹೋಗಬಹುದು. ಅವರು ಶೇ 5 ತಮ್ಮ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ತೆರಿಗೆ ಎಂದು ವಸೂಲಿ ಮಾಡುವ ಹಾಗಿಲ್ಲ. ಇನ್ನು ಹೋಂಸ್ಟೇಗಳಲ್ಲಿ ಬೆಳಗಿನ ನೂಪುಟ್ಟು, ರಾತ್ರಿಯ ಊಟ ಎಲ್ಲ ಕೋಣೆ ಬಾಡಿಗೆಯಲ್ಲೇ ಸೇರಿರುತ್ತದೆ. ಅಲ್ಲಿ ಊಟದ ತೆರಿಗೆ ಎಂದು ಬೇರೆ ಕಾಣುವುದೇ ಇಲ್ಲ. ಹಾಗಾಗಿ ರಸ್ತೆ ತುಂಬ ಗಾಡಿ ಇದೆ, ಅಷ್ಟೂ ತೆರಿಗೆ ಬರುತ್ತಿರಬೇಕು ಎಂದು ಲೆಕ್ಕ ಹಾಕಿದರೆ ಆಮೇಲೆ ನಿರಾಸೆ ಆಗುತ್ತದೆ.

ಪಂಚಾಯಿತಿಯೇ ಊಟದ ಮೇಲೆ ಒಂದು ಸಣ್ಣ ತೆರಿಗೆ ಹಾಕಿಕೊಳ್ಳಬಹುದಾ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. 2016ರ 101ನೇ ಸಂವಿಧಾನ ತಿದ್ದುಪಡಿ ಆದ ಮೇಲೆ ಸರಕು, ಸೇವೆಯ ಮೇಲಿನ ತೆರಿಗೆ ಕೇಂದ್ರ ಮತ್ತು ರಾಜ್ಯದ ಕೈಯಲ್ಲಿ ಮಾತ್ರ. ಆ ತಿದ್ದುಪಡಿ ಸ್ಥಳೀಯ ಸಂಸ್ಥೆಗಳಿಗೆಂದು ಉಳಿಸಿದ್ದು ಮನರಂಜನೆ ಮೇಲಿನ ತೆರಿಗೆ, ಅದೂ ಪಂಚಾಯಿತಿ ಅಥವಾ ನಗರಸಭೆಯೇ ಹಾಕಿ ವಸೂಲಿ ಮಾಡಿದರೆ.

ಆದರೆ ರಾಜ್ಯ ತನ್ನ ಪಾಲಿನಿಂದ ಕೊಡಬಹುದು. ಇದಕ್ಕೆ ಅಡ್ಡಿ ಇಲ್ಲ. ಸಂವಿಧಾನದ 243ಎಚ್ ವಿಧಿಯಲ್ಲಿ ಸ್ಪಷ್ಟವಾಗಿದೆ. ರಾಜ್ಯ ವಸೂಲಿ ಮಾಡಿದ ತೆರಿಗೆಯನ್ನು ಪಂಚಾಯಿತಿಗೆ ವಹಿಸಿಕೊಡುವ ಕಾನೂನನ್ನು ವಿಧಾನಸಭೆ ಮಾಡಬಹುದು. ನಗರಸಭೆಗಳಿಗೆ ಇದೇ ಮಾತು 243ಎಕ್ಸ್‌ನಲ್ಲಿದೆ. ಇದು ಹೊಸ ಪದ್ಧತಿಯೂ ಅಲ್ಲ. ಜಾಗ ನೋಂದಣಿ ಮಾಡಿಸುವಾಗ ಮುದ್ರಾಂಕ ಶುಲ್ಕದ ಮೇಲೆ ಸರ್ಚಾರ್ಜ್ ಕಟ್ಟುತ್ತೀರಲ್ಲ, ಅದು ಸ್ಥಳೀಯ ಸಂಸ್ಥೆಗಳಿಗಾಗಿಯೇ ಇರುವುದು. ಗಣಿಗಾರಿಕೆಯಲ್ಲಿ ಇನ್ನೂ ಚೆನ್ನಾದ ಉದಾಹರಣೆ ಇದೆ. 2015ರ ತಿದ್ದುಪಡಿಯ ನಂತರ ಗಣಿ ಕಂಪನಿಗಳು ಸರ್ಕಾರಕ್ಕೆ ಕೊಡುವ ರಾಯಲ್ಟಿಯ ಜೊತೆಗೆ ಅದರ ಶೇ 10 ಅಥವಾ ಶೇ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಆ ದುಡ್ಡು ಗಣಿಯಿಂದ ತೊಂದರೆಯಾದ ಊರುಗಳಿಗೇ ಖರ್ಚಾಗಬೇಕು. ಬಳ್ಳಾರಿಯ ಧೂಳು ಕುಡಿದವರಿಗೆ ಒಂದು ಪಾಲು ಎಂದು ಕಾನೂನು ಒಪ್ಪಿದ ಮೇಲೆ, ಪ್ರವಾಸೋದ್ಯಮದ ಹೊರೆ ಹೊತ್ತ ಊರಿಗೂ ಒಂದು ಪಾಲು ಎಂದು ಕೇಳುವುದರಲ್ಲಿ ತಪ್ಪೇನಿದೆ?

ಎಷ್ಟು ಕೇಳಬೇಕು ಎನ್ನುವಲ್ಲಿ ಮಾತ್ರ ನಾನು ನಿಮ್ಮನ್ನು ಸ್ವಲ್ಪ ತಡೆಯುತ್ತೇನೆ. ‘ನಮ್ಮೂರಲ್ಲಿ ಹುಟ್ಟಿದ ತೆರಿಗೆ ಎಲ್ಲ ನಮ್ಮೂರಿಗೇ’ ಎಂದು ಕೇಳಬೇಡಿ. ಆ ಮಾತನ್ನು ಬೆಂಗಳೂರು ನಮಗಿಂತ ಗಟ್ಟಿಯಾಗಿ ಹೇಳಬಹುದು. ಹೋಟೆಲ್ ತೆರಿಗೆ ಅಲ್ಲೇ ಜಾಸ್ತಿ. ಆಗ ಯಾದಗಿರಿ, ಕಲಬುರಗಿಯ ಹಳ್ಳಿಗಳಿಗೆ ಏನು ಉಳಿಯುತ್ತದೆ? ಅಷ್ಟೇ ಅಲ್ಲ, 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಪ್ರವಾಸಿಗರು ಬರಬಾರದು ಎಂದು ತಡೆದರು. ಹೋಟೆಲ್‌ಗಳು ಖಾಲಿ. ನಾನು ಲೆಕ್ಕ ನೋಡುತ್ತಿದ್ದ ಹೋಟೆಲ್‌ಗಳಲ್ಲಿ ಆ ತಿಂಗಳ ರಿಟರ್ನ್ ಬರೆಯುವಾಗ ಕೈ ಹೋಗುತ್ತಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲೂ ಅದೇ ಕಥೆ. ಪಂಚಾಯಿತಿಗೆ ಅತಿ ಹೆಚ್ಚು ಕೆಲಸ ಇದ್ದ ತಿಂಗಳುಗಳಲ್ಲೇ ಊಟದ ತೆರಿಗೆ ಬತ್ತಿಹೋಗಿತ್ತು. ನಿಮ್ಮ ಪಂಚಾಯಿತಿ ಆ ದುಡ್ಡನ್ನೇ ನಂಬಿಕೊಂಡಿದ್ದರೆ ಗಂಜಿ ಕೇಂದ್ರಕ್ಕೆ ಅಕ್ಕಿ ಕೊಳ್ಳಲೂ ಆಗುತ್ತಿರಲಿಲ್ಲ. ಕಷ್ಟಕಾಲದಲ್ಲಿ ಆಸರೆಯಾಗುವುದು ರಾಜ್ಯದ ಒಟ್ಟು ಖಜಾನೆಯೇ. ಅದು ಬೇಕು.

ಹಾಗಾಗಿ ಈಗ ಬರುವ ಅನುದಾನ ಹಾಗೇ ಇರಲಿ, ಪ್ರವಾಸಿಗರ ಹೊರೆಗೆ ಎಂದು ಅದರ ಮೇಲೆ ಒಂದು ಪಾಲು ಸೇರಲಿ ಎಂದು ಕೇಳಿ. ಹಂಚುವ ಸೂತ್ರದಲ್ಲಿ ವಾಸವಿರುವ ಜನರ ಜೊತೆ ಬಂದು ಹೋಗುವ ಜನರಿಗೂ ಒಂದು ತೂಕ ಇರಲಿ ಎಂದು ಕೇಳಿ. ಊಟ, ಕೋಣೆ ಎರಡರ ಎಸ್‌ಜಿಎಸ್‌ಟಿಯೂ ಸೇರಲಿ, ಇಲ್ಲದಿದ್ದರೆ ಹೋಂಸ್ಟೇ ಜಾಸ್ತಿ ಇರುವ ಪಂಚಾಯಿತಿಗಳಿಗೆ ಅನ್ಯಾಯ ಆಗುತ್ತದೆ. ಇದಕ್ಕೆಲ್ಲ ಮೊದಲು ವಾಣಿಜ್ಯ ತೆರಿಗೆ ಇಲಾಖೆ ಹೋಟೆಲ್‌ಗಳಿಂದ ಶಾಖೆವಾರು ಲೆಕ್ಕ ಪಡೆಯಲಿ ಎಂದು ಕೇಳಿ. ಕಂಪ್ಯೂಟರ್ ಕಾಲದಲ್ಲಿ ಇದು ದೊಡ್ಡ ಕೆಲಸವಲ್ಲ. ಬಿಲ್ಲಿಂಗ್ ಮಷೀನ್‌ನಲ್ಲಿ ಶಾಖೆಯ ಲೆಕ್ಕ ಈಗಾಗಲೇ ಇರುತ್ತದೆ, ಅದನ್ನು ಯಾರೂ ಕೇಳುತ್ತಿಲ್ಲ ಅಷ್ಟೇ.

ಯಾರನ್ನು ಕೇಳುವುದು ಎಂದಿರಿ. ಸರಿಯಾದ ಬಾಗಿಲು ರಾಜ್ಯ ಹಣಕಾಸು ಆಯೋಗ. ಸಿ. ನಾರಾಯಣಸ್ವಾಮಿ ಅವರ ಅಧ್ಯಕ್ಷತೆಯ 5ನೇ ಆಯೋಗ 2023ರಲ್ಲಿ ರಚನೆಯಾಯಿತು. ಒಂದು ಆಯೋಗದ ಸಮಯ ಮುಗಿದರೂ ಇನ್ನೊಂದು ಬರುತ್ತದೆ, ಮನವಿ ಸಿದ್ಧವಾಗಿರಬೇಕು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ, ನಿಮ್ಮ ಶಾಸಕರಿಗೆ ಅದರ ಪ್ರತಿ ಹೋಗಲಿ. ಒಂದೇ ಪಂಚಾಯಿತಿ ಬರೆದರೆ ಫೈಲಿನಲ್ಲಿ ಕೂರುತ್ತದೆ. ಭಾಗಮಂಡಲ, ಕುಟ್ಟ, ದುಬಾರೆ ಕಡೆಯ ಪಂಚಾಯಿತಿಗಳನ್ನೂ, ಮಡಿಕೇರಿ ನಗರಸಭೆಯನ್ನೂ ಸೇರಿಸಿಕೊಳ್ಳಿ. 1956ರವರೆಗೆ ಕೊಡಗಿಗೆ ತನ್ನದೇ ವಿಧಾನಸಭೆ, ತನ್ನದೇ ಬಜೆಟ್ ಇತ್ತು. ಲೆಕ್ಕ ಮುಂದಿಟ್ಟು ಮಾತಾಡುವುದು ಈ ಜಿಲ್ಲೆಗೆ ಹೊಸದಲ್ಲ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ನಿಮ್ಮ ಕೈಯಲ್ಲೇ ಇರುವ ದಾರಿ ನೋಡಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಡಿಸಿಬಿ ವಹಿ ಕೇಳಿ. ತೆರಿಗೆ ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಎಂದು ಅದರಲ್ಲಿದೆ. ಮನೆ ಎಂದು ಕಂದಾಯ ಕಟ್ಟುತ್ತಿರುವ ಕಟ್ಟಡದಲ್ಲಿ ಐವತ್ತು ಜನ ಕೂರುವ ಹೋಟೆಲ್ ನಡೆಯುತ್ತಿದ್ದರೆ ಅದು ವಾಣಿಜ್ಯ ಕಟ್ಟಡ. ಹಾಗೇ ಬರೆಯಬೇಕು. ಇದನ್ನು ಜಮಾಬಂದಿಯಲ್ಲಿ, ಅಂದರೆ ಪಂಚಾಯಿತಿಯ ಲೆಕ್ಕಪತ್ರವನ್ನು ಊರಿನವರ ಮುಂದೆ ಪರಿಶೀಲಿಸುವ ಸಭೆಯಲ್ಲಿ, ಕೇಳುವ ಹಕ್ಕು ಊರಿನ ಎಲ್ಲರಿಗೂ ಇದೆ. ವ್ಯಾಪಾರ ಪರವಾನಗಿ ಶುಲ್ಕ, ಬೋರ್ಡುಗಳ ಶುಲ್ಕ ಎಷ್ಟು ವರ್ಷದಿಂದ ಪರಿಷ್ಕರಣೆ ಆಗಿಲ್ಲ ನೋಡಿ. ಕಸಕ್ಕೆ ಬಳಕೆದಾರ ಶುಲ್ಕ ವಸೂಲಿ ಮಾಡಲು ಉಪನಿಯಮ ಮಾಡಿಕೊಳ್ಳಬಹುದು. ಮನೆಗೂ ಹೋಟೆಲಿಗೂ ಒಂದೇ ದರ ಇಡಬೇಡಿ. ನೂರು ಎಲೆ ಬಿಸಾಡುವವರು ಹತ್ತು ಎಲೆ ಬಿಸಾಡುವವರಷ್ಟೇ ಕೊಡುವುದು ಸರಿಯಲ್ಲ. ಸಾಹಸ ಕ್ರೀಡೆ, ಮನರಂಜನಾ ಪಾರ್ಕ್‌ಗಳು ನಿಮ್ಮ ವ್ಯಾಪ್ತಿಯಲ್ಲಿದ್ದರೆ ಮನರಂಜನೆ ತೆರಿಗೆ ಅನ್ವಯ ಆಗುತ್ತದೆಯೇ ಎಂದು ಜಿಲ್ಲಾ ಪಂಚಾಯಿತಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಇದನ್ನೆಲ್ಲ ಮಾಡುವಾಗ ಹೋಟೆಲ್‌ನವರನ್ನು ಕರೆದು ಕೂರಿಸಿಕೊಂಡು ಮಾತಾಡಿ. ಅವರು ನಿಮ್ಮ ವಿರೋಧಿಗಳಲ್ಲ. ರಸ್ತೆ ಚೆನ್ನಾಗಿರಬೇಕು, ಕಸ ಕಾಣಬಾರದು ಎನ್ನುವುದು ಅವರಿಗೂ ಬೇಕಾದದ್ದೇ.

ನಮ್ಮ ಸ್ವಂತ ತೆರಿಗೆಯನ್ನೇ ಅರ್ಧ ವಸೂಲಿ ಮಾಡದ ಪಂಚಾಯಿತಿ ರಾಜ್ಯದ ಮುಂದೆ ಪಾಲು ಕೇಳಿದರೆ ಅವರು ಮೊದಲು ತೋರಿಸುವುದೇ ಆ ಬಾಕಿ ಪಟ್ಟಿಯನ್ನು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಹೊರೆಯ ಲೆಕ್ಕ. ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಮೇರೆಗೆ 2024ರ ಮೇ ತಿಂಗಳಿಂದ ಹೊರಗಿನ ಗಾಡಿಗಳಿಗೆ ಇ-ಪಾಸ್ ಬಂತು. ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಬೇರೆ ಮಾತು. ಆದರೆ ಎಷ್ಟು ಗಾಡಿ ಬಂತು ಎನ್ನುವುದಕ್ಕೆ ಅವರ ಹತ್ತಿರ ಈಗ ಬರೆದಿಟ್ಟ ಲೆಕ್ಕ ಇದೆ. ನಿಮ್ಮ ಹತ್ತಿರವೂ ಒಂದು ಇರಲಿ. ಖರ್ಚಿಲ್ಲದ ದಾರಿ ಹೇಳುತ್ತೇನೆ. ನಿಮ್ಮ ಕಸದ ಗಾಡಿಯ ಅಕ್ಕಂದಿರಿಗೆ ಒಂದು ನೋಟ್‌ಬುಕ್ ಕೊಡಿ. ಸೋಮವಾರದ ಕಸ ಎಷ್ಟು ಟ್ರಿಪ್ ಆಯಿತು, ಎಷ್ಟು ತೂಕ. ಬುಧವಾರದ್ದು ಎಷ್ಟು. ಮಳೆಗಾಲ, ದಸರಾ, ಕ್ರಿಸ್‌ಮಸ್ ರಜೆ ಎಲ್ಲ ಸೇರಿ ಒಂದು ವರ್ಷ ಬರೆಯಲಿ. ಆ ಎರಡು ದಿನಗಳ ನಡುವಿನ ವ್ಯತ್ಯಾಸದಲ್ಲಿ ನಿಮ್ಮೂರಿಗೆ ಬಂದು ಹೋದವರ ಹೊರೆ ಕಾಣುತ್ತದೆ. ಜೊತೆಗೆ ಡೀಸೆಲ್, ಕೂಲಿ ಖರ್ಚಿನ ರಸೀದಿಗಳನ್ನು ಸೇರಿಸಿಡಿ. ಮೊದಲ ಮೂರು ತಿಂಗಳ ಹಾಳೆಗಳಾದ ಕೂಡಲೇ ನನಗೆ ಕಳಿಸಿ. ಗ್ರಾಮಸಭೆಯಲ್ಲಿ ಮಂಡಿಸುವ ಠರಾವಿನ ಕರಡನ್ನು ನಾನೇ ಬರೆದುಕೊಡುತ್ತೇನೆ.